ಹೊಸ ಸಾಫ್ಟ್‌ವೇರನ್ನು ಕಂಪ್ಯೂಟರಿಗೆ ಅಂಟಿಸದೆ ಓಡಿಸಿ ನೋಡುವುದು ಹೇಗೆ?

‘ಈ ಸಾಫ್ಟ್‌ವೇರ್ ಹಾಕಬಹುದಾ? ಕಂಪ್ಯೂಟರಿಗೆ ಏನೂ ಆಗಲ್ವಾ?’ ಮಂಡ್ಯದ ನಮ್ಮ ಡಿಟಿಪಿ ಅಂಗಡಿಗೆ ಬರುವ ಕಾಲೇಜು ಹುಡುಗರಿಂದ ಹಿಡಿದು ಮೈಸೂರಿನಲ್ಲಿ ಲೆಕ್ಕ ಬರೆಯುವ ಸ್ನೇಹಿತರವರೆಗೆ ಎಲ್ಲರೂ ಕೇಳುವುದು ಇದನ್ನೇ. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಅದಕ್ಕೇ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಸಾಫ್ಟ್‌ವೇರನ್ನು ನೇರವಾಗಿ ಇನ್‌ಸ್ಟಾಲ್ ಮಾಡಿ ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿದರೆ ಆಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಆಗಲ್ಲ. ಹಿಂದೊಮ್ಮೆ ಪಿಡಿಎಫ್ ಜೋಡಿಸುವ ಒಂದು ಉಚಿತ ತಂತ್ರಾಂಶವನ್ನು ಅಂಗಡಿಯ ಕಂಪ್ಯೂಟರಿಗೆ ಹಾಗೇ ಹಾಕಿದ್ದೆ. ಅದರ ಜೊತೆಗೆ ಇನ್ನೂ ಎರಡು ಬಂದು ಕೂತವು, ಬ್ರೌಸರಿನ ಮೊದಲ ಪುಟ ಬದಲಾಯಿತು. ತಂತ್ರಾಂಶವನ್ನು ತೆಗೆದ ಮೇಲೂ ಅವು ಹೋಗಲಿಲ್ಲ. ಲಗ್ನಪತ್ರಿಕೆಗಳ ಸೀಸನ್ನಿನಲ್ಲಿ ಒಂದು ದಿನದ ಕೆಲಸ ನಿಂತಿತು.

ಮೊದಲು ಈ ವಿದ್ಯೆ ಏನು ಎಂದು ತಿಳಿದುಕೊಳ್ಳಿ. ಹಂತಗಳನ್ನು ಸುಮ್ನೆ ಬಾಯಿಪಾಠ ಮಾಡಿದರೆ ಎಲ್ಲಿ ಎಚ್ಚರ ಬೇಕು ಎಂಬುದು ಗೊತ್ತಾಗುವುದಿಲ್ಲ.

ಬಟರ್ ಪೇಪರ್ ಲೆಕ್ಕ

ಊರಿನ ಸರ್ವೆ ನಕ್ಷೆಯ ಮೇಲೆ ಬಟರ್ ಪೇಪರ್ ಹಾಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುವುದನ್ನು ನೋಡಿದ್ದೀರಿ ಅಲ್ವಾ? ಎಷ್ಟು ಗೀಚಿದರೂ ಕೆಳಗಿನ ನಕ್ಷೆಗೆ ಒಂದು ಗೆರೆಯೂ ತಾಗುವುದಿಲ್ಲ. ಬೇಡವೆನಿಸಿದರೆ ಮೇಲಿನ ಹಾಳೆಯನ್ನು ಕಿತ್ತು ಬಿಸಾಡಿದರೆ ಮುಗಿಯಿತು.

ಅಪ್ಲಿಕೇಶನ್ ವರ್ಚುವಲೈಸೇಶನ್ ಮಾಡುವುದೂ ಅದನ್ನೇ. ಸಾಫ್ಟ್‌ವೇರ್ ತಾನು ಸಿ ಡ್ರೈವ್‌ಗೇ ಬರೆಯುತ್ತಿದ್ದೇನೆ, ರಿಜಿಸ್ಟ್ರಿಯನ್ನೇ ತಿದ್ದುತ್ತಿದ್ದೇನೆ ಎಂದುಕೊಂಡಿರುತ್ತದೆ. (ರಿಜಿಸ್ಟ್ರಿ ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ಖಾತೆ ಪುಸ್ತಕ.) ನಿಜಕ್ಕೂ ಆ ಬರಹವೆಲ್ಲ ಬೇರೊಂದು ಫೋಲ್ಡರಿಗೆ ಹೋಗಿ ಬೀಳುತ್ತದೆ. ಹೀಗೆ ಬೇರೆಯಾಗಿಟ್ಟ ಜಾಗಕ್ಕೇ ಬಾಕ್ಸ್ ಎನ್ನುವುದು. ಆ ಫೋಲ್ಡರನ್ನು ಅಳಿಸಿದರೆ ಸಾಫ್ಟ್‌ವೇರ್ ಬಂದದ್ದೇ ಸುಳ್ಳು ಎನ್ನುವ ಹಾಗೆ ಕಂಪ್ಯೂಟರ್ ಮೊದಲಿನಂತೆಯೇ ಇರುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಈ ಲೇಖನದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ಬಟರ್ ಪೇಪರಿನ ಕೆಳಗಿನ ನಕ್ಷೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ಹಾಗೆಯೇ ಬಾಕ್ಸಿನೊಳಗೆ ಓಡುವ ಸಾಫ್ಟ್‌ವೇರ್ ನಿಮ್ಮ ಫೈಲುಗಳನ್ನು ಕೆಡಿಸಲಾರದು, ಆದರೆ ಓದಬಲ್ಲದು. ನಮ್ಮಂಥ ಅಂಗಡಿಗಳ ಕಂಪ್ಯೂಟರಿನಲ್ಲಿ ಏನಿರುತ್ತದೆ ಹೇಳಿ? ಗಿರಾಕಿಗಳ ಆಧಾರ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನ್‌ಗಳು. ಅವು ನಮ್ಮವಲ್ಲ, ಜನ ನಂಬಿ ಕೊಟ್ಟವು. ವೈರಸ್ ಹತ್ತಲಿಲ್ಲ ಎಂದು ಸಮಾಧಾನ ಮಾಡಿಕೊಂಡರೆ ಸಾಲದು, ಅವು ಹೊರಗೆ ಹೋಗಲಿಲ್ಲ ಎಂಬುದೂ ಖಾತ್ರಿಯಾಗಬೇಕು.

ಹಂತ 1: ನಿಮ್ಮ ಮಷೀನು ಯಾವುದು ಎಂದು ನೋಡಿ

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆಯಿರಿ. ಎರಡು ವಿಷಯ ಬರೆದುಕೊಳ್ಳಿ. ವಿಂಡೋಸ್ ಹೋಮ್ ಇದೆಯೋ ಪ್ರೊ ಇದೆಯೋ, ರ‍್ಯಾಮ್ ಎಷ್ಟಿದೆ. ಅಂಗಡಿಯಲ್ಲಿ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಇರುವುದು ಹೋಮ್.

ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಎಂಬಲ್ಲಿ ಸಿಪಿಯು ಒತ್ತಿ. ಗ್ರಾಫಿನ ಕೆಳಗೆ ‘ವರ್ಚುವಲೈಸೇಶನ್’ ಎಂಬ ಸಾಲು ಇರುತ್ತದೆ. ಅದರ ಮುಂದೆ ‘ಎನೇಬಲ್ಡ್’ ಎಂದಿದೆಯೇ ನೋಡಿ. ಹೋಮ್ ಇರುವವರಿಗೆ ಇದು ಸದ್ಯಕ್ಕೆ ಬೇಕಾಗಿಲ್ಲ.

ಹಂತ 2: ದಾರಿ ಆರಿಸಿಕೊಳ್ಳಿ

ಮನೆ, ಅಂಗಡಿ ಮಟ್ಟದಲ್ಲಿ ಮೂರು ದಾರಿಗಳಿವೆ.

ಒಂದು, ಸ್ಯಾಂಡ್‌ಬಾಕ್ಸಿ ಪ್ಲಸ್. ಮೇಲೆ ಹೇಳಿದ ಬಟರ್ ಪೇಪರ್ ಇದೇ. 2004ರಿಂದ ಇರುವ ಹಳೆಯ ತಂತ್ರಾಂಶ. ಕೈಯಿಂದ ಕೈಗೆ ಬದಲಾಗಿ ಕಡೆಗೆ ಸೋಫೋಸ್ ಕಂಪನಿಯ ಕೈ ಸೇರಿತ್ತು. 2020ರಲ್ಲಿ ಅವರು ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಹೋಮ್‌ನಲ್ಲೂ ನಡೆಯುತ್ತದೆ, ಹಳೆಯ ನಾಲ್ಕು ಜಿಬಿ ಮಷೀನಿನಲ್ಲೂ ನಡೆಯುತ್ತದೆ.

ಎರಡು, ವಿಂಡೋಸ್ ಸ್ಯಾಂಡ್‌ಬಾಕ್ಸ್. ಹೆಸರು ಹತ್ತಿರ ಇದೆ ಎಂದು ಗೊಂದಲ ಬೇಡ, ಎರಡೂ ಬೇರೆ ಬೇರೆ. ಇದು ಮೈಕ್ರೋಸಾಫ್ಟಿನದ್ದೇ. 2019ರಲ್ಲಿ ವಿಂಡೋಸ್ 10ರ ಜೊತೆ ಬಂತು. ವಿಂಡೋಸ್ ಒಳಗೆ ಇನ್ನೊಂದು ಖಾಲಿ ವಿಂಡೋಸ್ ತೆರೆದುಕೊಳ್ಳುತ್ತದೆ, ಮುಚ್ಚಿದರೆ ಎಲ್ಲ ಮಾಯ. ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಮಾತ್ರ ಸಿಗುತ್ತದೆ. ರ‍್ಯಾಮ್ ಕನಿಷ್ಠ 4 ಜಿಬಿ ಎನ್ನುತ್ತಾರೆ, ಆದರೆ 8 ಇಲ್ಲದೆ ಕೈ ಹಾಕಬೇಡಿ.

ಮೂರು, ವರ್ಚುವಲ್‌ಬಾಕ್ಸ್‌ನಂಥ ಪೂರ್ತಿ ವರ್ಚುವಲ್ ಮಷೀನು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನೇ ಕಟ್ಟುವುದು. ವಿಂಡೋಸ್ 11 ಹಾಕಲು ಅದಕ್ಕೇ ಬೇರೆಯಾಗಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಕೊಡಬೇಕು. ವಾರಗಟ್ಟಲೆ ಪರೀಕ್ಷೆ ಮಾಡುವ ಇಂಜಿನಿಯರಿಂಗ್ ಹುಡುಗರಿಗೆ ಸರಿ. ಒಂದು ಪಿಡಿಎಫ್ ತಂತ್ರಾಂಶ ನೋಡುವುದಕ್ಕೆ ಅಷ್ಟೆಲ್ಲ ಬೇಡ.

ನನ್ನ ಸಲಹೆ ಹೀಗೆ. ಪ್ರೊ ಇದ್ದು 8 ಜಿಬಿ ಇದ್ದರೆ ಎರಡನೆಯದು, ಯಾಕೆಂದರೆ ಅದರಲ್ಲಿ ನಿಮ್ಮ ಫೈಲುಗಳು ಕಾಣುವುದೇ ಇಲ್ಲ. ಹೋಮ್ ಇದ್ದರೆ ಮೊದಲನೆಯದು, ಆದರೆ ಹಂತ 5 ಬಿಡದೆ ಮಾಡಬೇಕು.

ಹಂತ 3: ಫೈಲನ್ನು ಮುಟ್ಟುವ ಮೊದಲು

ತಂತ್ರಾಂಶ ಮಾಡಿದವರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತನ್ನು ಒತ್ತಬೇಡಿ. ಪುಟದ ತುಂಬ ದೊಡ್ಡ ದೊಡ್ಡ ಹಸಿರು ಡೌನ್‌ಲೋಡ್ ಬಟನ್ನುಗಳಿದ್ದರೆ ಅಲ್ಲಿಂದ ವಾಪಸ್ ಬನ್ನಿ.

ಇಳಿಸಿದ ಫೈಲನ್ನು ಡಬಲ್ ಕ್ಲಿಕ್ ಮಾಡದೆ ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಹಾಕಿ. ಹಲವು ಆ್ಯಂಟಿವೈರಸ್‌ಗಳು ಒಟ್ಟಿಗೆ ಅದನ್ನು ಪರೀಕ್ಷಿಸುತ್ತವೆ. ಅರವತ್ತು ಎಪ್ಪತ್ತರಲ್ಲಿ ಹೆಸರೇ ಕೇಳದ ಒಂದೆರಡು ಮಾತ್ರ ಕೆಂಪು ತೋರಿಸಿದರೆ ಅದು ತಪ್ಪು ಎಚ್ಚರಿಕೆಯೂ ಆಗಿರಬಹುದು. ಹತ್ತಿಪ್ಪತ್ತು ಕೆಂಪು ಇದ್ದರೆ ಅಳಿಸಿಬಿಡಿ, ಬಾಕ್ಸಿನಲ್ಲೂ ತೆರೆಯಬೇಡಿ.

ಎಚ್ಚರ: ಅಲ್ಲಿಗೆ ಹಾಕಿದ ಫೈಲುಗಳು ಭದ್ರತಾ ಕಂಪನಿಗಳಿಗೂ ಸಿಗುತ್ತವೆ. ಇನ್‌ಸ್ಟಾಲರ್ ಹಾಕಿ, ಗಿರಾಕಿಯ ದಾಖಲೆಯನ್ನು ಯಾವತ್ತೂ ಹಾಕಬೇಡಿ.

ಕ್ರ್ಯಾಕ್ ಮಾಡಿದ, ಅಂದರೆ ಹಣ ಕೊಡದೆ ಬಳಸಲು ಬೀಗ ಮುರಿದ ತಂತ್ರಾಂಶವನ್ನು ಬಾಕ್ಸಿನಲ್ಲಿ ಓಡಿಸಬಹುದಾ ಎಂದೂ ಕೇಳುತ್ತಾರೆ. ಬೇಡ. ಪಾಸ್‌ವರ್ಡ್ ಕದಿಯುವ ತಂತ್ರಾಂಶಗಳು ಜಾಸ್ತಿ ಬರುವುದೇ ಅದರ ಬೆನ್ನಿಗೆ. ಕದಿಯಲು ಅವಕ್ಕೆ ಓದಲು ಸಿಕ್ಕರೆ ಸಾಕು, ಬರೆಯುವ ಅಗತ್ಯವೇ ಇಲ್ಲ.

ಹಂತ 4: ಸ್ಯಾಂಡ್‌ಬಾಕ್ಸಿ ಹಾಕಿ, ಒಮ್ಮೆ ಓಡಿಸಿ

ಸ್ಯಾಂಡ್‌ಬಾಕ್ಸಿ ಪ್ಲಸ್‌ನ ಅಧಿಕೃತ ಜಾಲತಾಣದಿಂದ ಅಥವಾ ತಂತ್ರಾಂಶಗಳ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿರುವ ಅದರ ಪುಟದಿಂದ ಇಳಿಸಿ. ಮಾಮೂಲಿ ಇಂಟೆಲ್, ಎಎಂಡಿ ಮಷೀನಿಗೆ ಎಕ್ಸ್64 ಎಂದಿರುವುದು ಬೇಕು. ಮೊದಲ ಸಲ ತೆರೆದಾಗ ಸ್ವಂತ ಬಳಕೆಗೋ ವ್ಯಾಪಾರಕ್ಕೋ ಎಂದು ಕೇಳುತ್ತದೆ. ಸ್ವಂತಕ್ಕಾದರೆ ಉಚಿತ. ಅಂಗಡಿಗಾದರೆ ಅದನ್ನೇ ಆರಿಸಿ ಅವರ ಷರತ್ತು ಓದಿಕೊಳ್ಳಿ.

ಮೊದಲ ಪ್ರಯೋಗ ಹೊಸ ತಂತ್ರಾಂಶದ ಮೇಲೆ ಬೇಡ. ನೋಟ್‌ಪ್ಯಾಡ್ ಮೇಲೆ ಮಾಡಿ. ನೋಟ್‌ಪ್ಯಾಡಿನ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಸ್ಯಾಂಡ್‌ಬಾಕ್ಸ್ಡ್’ ಒತ್ತಿ. ವಿಂಡೋಸ್ 11ರಲ್ಲಿ ಅದು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ನೋಡಿ. ಯಾವ ಬಾಕ್ಸ್ ಎಂದು ಕೇಳಿದಾಗ ‘ಡಿಫಾಲ್ಟ್‌ಬಾಕ್ಸ್’ ಆರಿಸಿ.

ಈಗ ಕಿಟಕಿಯನ್ನು ಸರಿಯಾಗಿ ನೋಡಿ. ಮೌಸನ್ನು ಮೇಲಿನ ಹೆಸರಿನ ಪಟ್ಟಿಗೆ ಒಯ್ದರೆ ಸುತ್ತ ಒಂದು ಹಳದಿ ಗೆರೆ ಕಾಣುತ್ತದೆ. ಮೇಲಿನ ಹೆಸರಿನ ಎರಡೂ ಪಕ್ಕ ಚೌಕ ಕಂಸದೊಳಗೆ ಹ್ಯಾಶ್ ಗುರುತು ಇರುತ್ತದೆ. ಇವು ಕಂಡರೆ ಒಳಗಿದ್ದೀರಿ ಎಂದರ್ಥ. ಕಾಣದಿದ್ದರೆ ತಕ್ಷಣ ಮುಚ್ಚಿ, ಮತ್ತೆ ಸರಿಯಾಗಿ ತೆರೆಯಿರಿ.

ನೋಟ್‌ಪ್ಯಾಡಿನಲ್ಲಿ ಒಂದು ಸಾಲು ಬರೆದು ಡೆಸ್ಕ್‌ಟಾಪಿಗೆ ಸೇವ್ ಮಾಡಿ. ಹೊರಗೆ ತರಬೇಕಾ ಎಂದು ಒಂದು ಚಿಕ್ಕ ಕಿಟಕಿ ಕೇಳುತ್ತದೆ. ಬೇಡ ಎಂದು ಮುಚ್ಚಿ. ಈಗ ನಿಮ್ಮ ಡೆಸ್ಕ್‌ಟಾಪ್ ನೋಡಿ, ಫೈಲ್ ಅಲ್ಲಿ ಇಲ್ಲ. ಸಿ ಡ್ರೈವ್‌ಗೆ ಹೋಗಿ ‘ಸ್ಯಾಂಡ್‌ಬಾಕ್ಸ್’ ಫೋಲ್ಡರ್ ತೆರೆಯಿರಿ. ಅದರಲ್ಲಿ ನಿಮ್ಮ ಹೆಸರು, ಅದರೊಳಗೆ ‘ಡಿಫಾಲ್ಟ್‌ಬಾಕ್ಸ್’, ಅದರೊಳಗೆ ‘ಯೂಸರ್’, ಹಾಗೇ ಒಳಗೊಳಗೆ ಹೋದರೆ ಇನ್ನೊಂದು ಪುಟ್ಟ ಡೆಸ್ಕ್‌ಟಾಪ್ ಫೋಲ್ಡರ್. ನೀವು ಬರೆದ ಫೈಲ್ ಅಲ್ಲಿ ಕೂತಿದೆ. ಬಟರ್ ಪೇಪರ್ ಅಂದೆನಲ್ಲ, ಅದು ಇದೇ. ಇದನ್ನು ಒಂದು ಸಲ ಕಣ್ಣಾರೆ ನೋಡಿದವರಿಗೆ ಮುಂದಿನದೆಲ್ಲ ಸುಲಭ.

ಹಂತ 5: ಓದುವ ದಾರಿ ಮುಚ್ಚಿ

ಬಹಳ ಜನ ಬಿಟ್ಟುಬಿಡುವ ಹಂತ ಇದು. ಸ್ಯಾಂಡ್‌ಬಾಕ್ಸಿಯ ಕಿಟಕಿಯಲ್ಲಿ ಬಾಕ್ಸಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಯಾಂಡ್‌ಬಾಕ್ಸ್ ಆಪ್ಷನ್ಸ್’ ತೆರೆಯಿರಿ.

‘ರಿಸೋರ್ಸ್ ಆ್ಯಕ್ಸೆಸ್’ ಎಂಬಲ್ಲಿ ಫೈಲುಗಳ ಪಟ್ಟಿ ಇರುತ್ತದೆ. ಗಿರಾಕಿಗಳ ದಾಖಲೆ ಇರುವ ಫೋಲ್ಡರ್, ಡಾಕ್ಯುಮೆಂಟ್ಸ್, ಸ್ಕ್ಯಾನ್ ಬಂದು ಬೀಳುವ ಫೋಲ್ಡರ್, ಒಂದೊಂದನ್ನೂ ಸೇರಿಸಿ ಅದರ ಮುಂದೆ ‘ಕ್ಲೋಸ್ಡ್’ ಎಂದು ಆರಿಸಿ. ಡಿ ಡ್ರೈವ್‌ನಲ್ಲಿ ಎಲ್ಲ ಇಟ್ಟಿದ್ದರೆ ಇಡೀ ಡಿ ಡ್ರೈವನ್ನೇ ಮುಚ್ಚಿ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸುವ ಅಭ್ಯಾಸ ಇದ್ದರೆ ಬ್ರೌಸರಿನ ಪ್ರೊಫೈಲ್ ಫೋಲ್ಡರನ್ನೂ ಸೇರಿಸಿ. ದತ್ತಾಂಶ ಕಾಪಾಡುವ ಸಿದ್ಧ ಬಾಕ್ಸ್ ಒಂದು ಸ್ಯಾಂಡ್‌ಬಾಕ್ಸಿಯಲ್ಲೇ ಇದೆ, ಆದರೆ ಅದು ಹಣ ಕೊಟ್ಟು ಬೆಂಬಲಿಸಿದವರಿಗೆ ಮಾತ್ರ.

‘ನೆಟ್‌ವರ್ಕ್ ಆಪ್ಷನ್ಸ್’ ಎಂಬಲ್ಲಿ ಇಂಟರ್ನೆಟ್ ನಿಲ್ಲಿಸುವ ಆಯ್ಕೆ ಇದೆ. ಮೊದಲ ಪರೀಕ್ಷೆಗೆ ನಿಲ್ಲಿಸಿಯೇ ಇಡಿ. ಓದಿದ್ದು ಹೊರಗೆ ಹೋಗಬೇಕಾದರೆ ನೆಟ್ ಬೇಕೇ ಬೇಕು. ಪಿಡಿಎಫ್ ಜೋಡಿಸುವ, ಫೋಟೋ ಕತ್ತರಿಸುವ ತಂತ್ರಾಂಶ ನೆಟ್ ಇಲ್ಲದೆ ತೆರೆಯುವುದೇ ಇಲ್ಲ ಎಂದು ಹಟ ಹಿಡಿದರೆ ನನಗೆ ಅಲ್ಲೇ ಅನುಮಾನ ಶುರುವಾಗುತ್ತದೆ.

ಇನ್ನೂ ಗಟ್ಟಿ ಮಾಡಬೇಕೆಂದರೆ ವಿಂಡೋಸ್‌ನಲ್ಲಿ ಇನ್ನೊಂದು ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ, ಅದರಿಂದ ಪರೀಕ್ಷೆ ಮಾಡಿ. ಒಂದು ಅಕೌಂಟಿನ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಇನ್ನೊಂದಕ್ಕೆ ತೆರೆಯುವುದಿಲ್ಲ. ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. ಡಿ ಡ್ರೈವ್ ಮಾತ್ರ ಸಾಮಾನ್ಯವಾಗಿ ಎಲ್ಲ ಅಕೌಂಟಿಗೂ ಕಾಣುತ್ತದೆ, ಅದನ್ನು ಮೇಲೆ ಹೇಳಿದಂತೆ ಮುಚ್ಚಲೇಬೇಕು.

ಹಂತ 6: ಈಗ ಪರೀಕ್ಷೆ

ಇಳಿಸಿದ ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್, ‘ರನ್ ಸ್ಯಾಂಡ್‌ಬಾಕ್ಸ್ಡ್’. ಇನ್‌ಸ್ಟಾಲ್ ಆಗುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಓಡಬೇಡಿ. ಪ್ರತಿ ಪುಟದಲ್ಲೂ ಮೊದಲೇ ಟಿಕ್ ಹಾಕಿಟ್ಟ ಚೌಕಗಳನ್ನು ಓದಿ. ಜೊತೆಗೆ ಬರುವ ಬೇಡದ ಸಾಮಾನು ಅಲ್ಲೇ ಇರುತ್ತದೆ.

ಮುಗಿದ ಮೇಲೆ ಸ್ಟಾರ್ಟ್ ಮೆನುವಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಇನ್‌ಸ್ಟಾಲ್ ಆಗಲೇ ಇಲ್ಲ ಎಂದು ಎಷ್ಟೋ ಜನ ಫೋನ್ ಮಾಡುತ್ತಾರೆ. ಆಗಿದೆ, ಬಾಕ್ಸಿನೊಳಗೆ ಆಗಿದೆ. ಬಾಕ್ಸಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್’, ಅದರಲ್ಲಿ ‘ರನ್ ಫ್ರಮ್ ಸ್ಟಾರ್ಟ್ ಮೆನು’ ಎಂದು ಹೋಗಿ.

ಏನು ನೋಡಬೇಕು? ನಿಮ್ಮ ಕೆಲಸ ಆಗುತ್ತದೆಯೇ ಎಂಬುದು ಮೊದಲನೆಯದು. ಎರಡನೆಯದು, ಸ್ಯಾಂಡ್‌ಬಾಕ್ಸಿಯ ಪಟ್ಟಿಯಲ್ಲಿ ಆ ಬಾಕ್ಸಿನ ಕೆಳಗೆ ಯಾವ ಯಾವ ಪ್ರೋಗ್ರಾಂ ಓಡುತ್ತಿದೆ ಎಂಬುದು. ನೀವು ಹಾಕಿದ್ದು ಒಂದು, ಓಡುತ್ತಿರುವುದು ಐದು ಎಂದಾದರೆ ಉಳಿದ ನಾಲ್ಕು ಯಾವುವು ಎಂದು ಕೇಳಿಕೊಳ್ಳಿ. ತಂತ್ರಾಂಶ ಮುಚ್ಚಿದ ಮೇಲೂ ಪಟ್ಟಿಯಲ್ಲಿ ಏನಾದರೂ ಉಳಿದಿದೆಯೇ ನೋಡಿ. ಮೂರನೆಯದು ಬಾಕ್ಸಿನ ಫೋಲ್ಡರ್. ಒಳಗೆ ಪ್ರೋಗ್ರಾಂ ಫೈಲ್ಸ್ ತೆರೆದರೆ ಏನೇನು ಬಂದು ಕೂತಿದೆ ಎಂಬುದು ಹೆಸರು ಸಮೇತ ಕಾಣುತ್ತದೆ. ನನಗೆ ಕಾಟ ಕೊಟ್ಟ ಪಿಡಿಎಫ್ ತಂತ್ರಾಂಶವನ್ನು ಹೀಗೆ ನೋಡಿದ್ದರೆ ಆ ಜೊತೆಗಾರರು ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತಿದ್ದರು.

ಒಂದು ಮಾತು. ಬಾಕ್ಸಿನಲ್ಲಿ ಏನೂ ಕೆಟ್ಟದು ಕಾಣಲಿಲ್ಲ ಅಂದರೆ ತಂತ್ರಾಂಶ ಶುದ್ಧ ಎಂದು ಸಾಬೀತಾಗುವುದಿಲ್ಲ. ತಾನು ಬಾಕ್ಸಿನಲ್ಲಿದ್ದೇನೆ ಎಂದು ಗುರುತಿಸಿ ಸುಮ್ಮನೆ ಕೂರುವ ವೈರಸ್‌ಗಳೂ ಇವೆ. ಅದಕ್ಕೇ ಹಂತ 3 ಮುಖ್ಯ.

ಹಂತ 7: ಕೆಲಸದ ಫೈಲನ್ನು ಹೊರಗೆ ತನ್ನಿ, ಆಮೇಲೆ ಅಳಿಸಿ

ಬಾಕ್ಸಿನೊಳಗೆ ಮಾಡಿದ ಕೆಲಸ ಬೇಕಿದ್ದರೆ ಅಳಿಸುವ ಮೊದಲೇ ಹೊರಗೆ ತರಬೇಕು. ಡೆಸ್ಕ್‌ಟಾಪಿಗೋ ಡಾಕ್ಯುಮೆಂಟ್ಸ್‌ಗೋ ಸೇವ್ ಮಾಡಿದಾಗ ಕೇಳುವ ಆ ಚಿಕ್ಕ ಕಿಟಕಿಯಲ್ಲಿ ‘ರಿಕವರ್’ ಒತ್ತಿದರೆ ಫೈಲ್ ನಿಜವಾದ ಜಾಗಕ್ಕೆ ಬರುತ್ತದೆ. (ಹಂತ 5ರಲ್ಲಿ ಡಾಕ್ಯುಮೆಂಟ್ಸ್ ಮುಚ್ಚಿದ್ದರೆ ಅಲ್ಲಿಗೆ ಸೇವ್ ಆಗುವುದಿಲ್ಲ, ಡೆಸ್ಕ್‌ಟಾಪ್ ಬಳಸಿ.) ಪಿಡಿಎಫ್, ಚಿತ್ರಗಳನ್ನಷ್ಟೇ ತನ್ನಿ. ಓಡುವ ಪ್ರೋಗ್ರಾಂ ಫೈಲನ್ನು ಹೊರಗೆ ತಂದರೆ ಇಷ್ಟು ಹೊತ್ತು ಕಾದದ್ದೆಲ್ಲ ನೀರಿನಲ್ಲಿ ಹೋಮ.

ಆಮೇಲೆ ಬಾಕ್ಸಿನ ಮೇಲೆ ರೈಟ್ ಕ್ಲಿಕ್, ಓಡುತ್ತಿರುವುದನ್ನೆಲ್ಲ ನಿಲ್ಲಿಸಿ, ‘ಡಿಲೀಟ್ ಕಂಟೆಂಟ್’. ಸಿ ಡ್ರೈವ್‌ನ ಆ ಫೋಲ್ಡರನ್ನು ಕೈಯಾರೆ ಅಳಿಸಲು ಹೋಗಬೇಡಿ, ಇದೇ ದಾರಿಯಲ್ಲಿ ಅಳಿಸಿ.

ಪ್ರೊ ಇರುವವರಿಗೆ: ವಿಂಡೋಸ್ ಸ್ಯಾಂಡ್‌ಬಾಕ್ಸ್

ಸ್ಟಾರ್ಟ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಹುಡುಕಿ, ಪಟ್ಟಿಯಲ್ಲಿ ‘ವಿಂಡೋಸ್ ಸ್ಯಾಂಡ್‌ಬಾಕ್ಸ್’ಗೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ. ಟಿಕ್ ಹಾಕಲು ಬಿಡದೆ ಮಸುಕಾಗಿದ್ದರೆ ವರ್ಚುವಲೈಸೇಶನ್ ಆಫ್ ಇರಬಹುದು. ಅದನ್ನು ಬಯಾಸ್‌ನಲ್ಲಿ ಆನ್ ಮಾಡಬೇಕು. ಬಯಾಸ್ ಅಂದರೆ ವಿಂಡೋಸ್ ಶುರುವಾಗುವ ಮೊದಲೇ ಇರುವ ಸೆಟ್ಟಿಂಗ್ ಪುಟ. ಮಷೀನು ಆನ್ ಆಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀ ಒತ್ತಿದರೆ ಬರುತ್ತದೆ, ಕೀ ಕಂಪನಿಯಿಂದ ಕಂಪನಿಗೆ ಬೇರೆ. ಇಂಟೆಲ್‌ನಲ್ಲಿ ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ ಎಂದೂ, ಎಎಂಡಿಯಲ್ಲಿ ಎಸ್‌ವಿಎಂ ಎಂದೂ ಹೆಸರಿರುತ್ತದೆ.

ಎಚ್ಚರ: ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನಿಂದ ತೆಗೆದು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ಹಾಕುವ ಬೀಗ. ಬಯಾಸ್ ಬದಲಾದಾಗ ಅದು 48 ಅಂಕಿಗಳ ಆ ಕೀಯನ್ನು ಕೇಳಬಹುದು. ಇಲ್ಲದಿದ್ದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.

ಸ್ಯಾಂಡ್‌ಬಾಕ್ಸ್ ತೆರೆದ ಮೇಲೆ ಇನ್‌ಸ್ಟಾಲರ್ ಫೈಲನ್ನು ಹೊರಗೆ ಕಾಪಿ ಮಾಡಿ ಒಳಗೆ ಪೇಸ್ಟ್ ಮಾಡಿ. ಕಾಪಿ ಪೇಸ್ಟ್ ಎರಡೂ ಕಡೆ ನಡೆಯುತ್ತದೆ, ಅದೇ ಅಪಾಯ ಕೂಡ. ಹೊರಗೆ ಪಾಸ್‌ವರ್ಡ್ ಕಾಪಿ ಮಾಡಿದ್ದರೆ ಒಳಗಿನ ತಂತ್ರಾಂಶಕ್ಕೂ ಅದು ಸಿಗುತ್ತದೆ. ನೆಟ್ ಕೂಡ ಮೊದಲೇ ಆನ್ ಇರುತ್ತದೆ, ಅಂಗಡಿಯ ಬೇರೆ ಕಂಪ್ಯೂಟರುಗಳವರೆಗೂ ಅದಕ್ಕೆ ದಾರಿ ಇರಬಹುದು. ಸುಲಭದ ಉಪಾಯ: ಪೇಸ್ಟ್ ಮಾಡಿದ ಮೇಲೆ ನಿಮ್ಮ ಮಷೀನಿನ ವೈಫೈ ಆಫ್ ಮಾಡಿ ಅಥವಾ ಕೇಬಲ್ ಕೀಳಿ.

ಇದರಲ್ಲಿ ಅಳಿಸುವ ಕೆಲಸವಿಲ್ಲ, ಕಿಟಕಿ ಮುಚ್ಚಿದರೆ ಎಲ್ಲ ಹೋಯಿತು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಮಧ್ಯಾಹ್ನ ಕರೆಂಟ್ ಹೋದರೂ ಅಷ್ಟೇ. ಸ್ಯಾಂಡ್‌ಬಾಕ್ಸಿಯಲ್ಲಿ ಹಾಗಿಲ್ಲ, ನೀವು ಅಳಿಸುವವರೆಗೆ ಬಾಕ್ಸ್ ಉಳಿಯುತ್ತದೆ.

ವರ್ಚುವಲ್‌ಬಾಕ್ಸ್ ಬಳಸುವವರಿಗೆ ಇನ್ನೊಂದು. ವಿಂಡೋಸ್ ಸ್ಯಾಂಡ್‌ಬಾಕ್ಸ್ ಆನ್ ಮಾಡಿದ ಮೇಲೆ ವರ್ಚುವಲ್‌ಬಾಕ್ಸ್ ನಿಧಾನವಾಗಿ, ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಬಂದರೆ ಗಾಬರಿಯಾಗಬೇಡಿ. ವಿಂಡೋಸ್‌ನದೇ ವರ್ಚುವಲ್ ಮಷೀನು ವ್ಯವಸ್ಥೆಯಾದ ಹೈಪರ್-ವಿ ಮೇಲೆ ಓಡುತ್ತಿದ್ದೇನೆ ಎಂದು ಅದು ಹೇಳುತ್ತಿದೆ.

ಬಾಕ್ಸಿನಲ್ಲಿ ಆಗದ ಕೆಲಸಗಳು

ಡ್ರೈವರ್ ಬೇಕಾದ ಯಾವುದೂ ಸ್ಯಾಂಡ್‌ಬಾಕ್ಸಿಯೊಳಗೆ ಸರಿಯಾಗಿ ನಡೆಯುವುದಿಲ್ಲ. ಡ್ರೈವರ್ ಅಂದರೆ ಯಂತ್ರದ ಜೊತೆ ಮಾತಾಡುವ ತಂತ್ರಾಂಶ. ಹೊಸ ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಇವನ್ನು ಬಾಕ್ಸಿನಲ್ಲಿ ಹಾಕಿ ನೋಡುತ್ತೇನೆ ಎಂದು ಸಮಯ ಕಳೆಯಬೇಡಿ. ಆ್ಯಂಟಿವೈರಸ್ ಕೂಡ ಅಷ್ಟೇ.

ಕನ್ನಡ ಟೈಪಿಂಗ್ ತಂತ್ರಾಂಶಗಳ ಬಗ್ಗೆ ನಮ್ಮ ಕಡೆ ಜಾಸ್ತಿ ಕೇಳುತ್ತಾರೆ. ನುಡಿ, ಬರಹದಂಥವು ಕೀಲಿಮಣೆಯನ್ನು ಹಿಡಿದು ಬೇರೆ ತಂತ್ರಾಂಶಗಳಿಗೆ ಅಕ್ಷರ ಕಳಿಸುತ್ತವೆ. ಬಾಕ್ಸಿನೊಳಗೆ ಹಾಕಿ ಹೊರಗಿನ ಪೇಜ್‌ಮೇಕರಿನಲ್ಲಿ ಕನ್ನಡ ಮೂಡಲಿ ಎಂದರೆ ಆಗುವುದಿಲ್ಲ. ಬಾಕ್ಸಿನಲ್ಲಿ ಹಾಕಿದ ಫಾಂಟ್ ಹೊರಗಿನ ತಂತ್ರಾಂಶಕ್ಕೂ ಸಿಗುವುದಿಲ್ಲ. ಅಂಥದನ್ನು ಅಧಿಕೃತ ಮೂಲದಿಂದ ತಂದು ನೇರವಾಗಿಯೇ ಹಾಕಿಕೊಳ್ಳಿ.

ಲಿನಕ್ಸ್ ಇರುವವರಿಗೆ ತಂತ್ರಾಂಶಗಳನ್ನು ಬೇರೆಯಾಗಿಟ್ಟು ಓಡಿಸುವ ಫ್ಲ್ಯಾಟ್‌ಪ್ಯಾಕ್ ಇದೆ, ಅದರ ಅನುಮತಿ ಬದಲಿಸುವ ಫ್ಲ್ಯಾಟ್‌ಸೀಲ್ ಹಾಕಿಕೊಂಡರೆ ಯಾವ ಫೋಲ್ಡರ್ ಕಾಣಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು. ಆದರೆ ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶ ಓಡಿಸುವ ವೈನ್ ಅನ್ನು ಸುರಕ್ಷಿತ ಬಾಕ್ಸ್ ಎಂದುಕೊಳ್ಳಬೇಡಿ. ಅದು ಝೆಡ್ ಡ್ರೈವ್ ಎಂಬ ಹೆಸರಿನಲ್ಲಿ ನಿಮ್ಮ ಇಡೀ ಡಿಸ್ಕನ್ನು ಒಳಗಿನ ವಿಂಡೋಸ್ ತಂತ್ರಾಂಶಕ್ಕೆ ತೋರಿಸುತ್ತದೆ.

ಹಂತ 8: ಹಾಕುವುದೋ ಬಿಡುವುದೋ

ಎರಡು ಮೂರು ದಿನ ಬಾಕ್ಸಿನಲ್ಲೇ ಕೆಲಸ ಮಾಡಿ ನೋಡಿ. ಮೊದಲ ದಿನ ಸುಮ್ಮನಿದ್ದು ಆಮೇಲೆ ಜಾಹೀರಾತು ಶುರು ಮಾಡುವ ತಂತ್ರಾಂಶಗಳಿವೆ. ವಾರಕ್ಕೊಮ್ಮೆ ಮಾತ್ರ ಬೇಕಾಗುವ ತಂತ್ರಾಂಶವಾದರೆ ಹೊರಗೆ ಹಾಕುವ ಅಗತ್ಯವೇ ಇಲ್ಲ, ಅದಕ್ಕೆಂದೇ ಒಂದು ಬಾಕ್ಸ್ ಮಾಡಿ ಅಲ್ಲೇ ಇಟ್ಟುಕೊಳ್ಳಿ. ನಾನು ಫೋಟೋ ಗಾತ್ರ ಇಳಿಸುವ ತಂತ್ರಾಂಶವನ್ನು ಹಾಗೆಯೇ ಇಟ್ಟಿದ್ದೇನೆ, ನೆಟ್ ಕಟ್ಟಾಗಿಯೇ ಇದೆ.

ಹೊರಗೆ ಹಾಕಲೇಬೇಕು ಎಂದಾದರೆ ಮೊದಲು ಬಾಕ್ಸ್ ಖಾಲಿ ಮಾಡಿ. ಏನಾದರೂ ಕೆಟ್ಟರೆ ವಿಂಡೋಸನ್ನು ಹಿಂದಿನ ಸ್ಥಿತಿಗೆ ತರಲು ಸಿಸ್ಟಮ್ ರಿಸ್ಟೋರ್ ಪಾಯಿಂಟ್ ಒಂದನ್ನು ಮಾಡಿಕೊಳ್ಳಿ. ನೀವು ಪರೀಕ್ಷಿಸಿದ ಅದೇ ಇನ್‌ಸ್ಟಾಲರ್ ಫೈಲನ್ನೇ ಬಳಸಿ, ಮತ್ತೆ ಹೊಸದಾಗಿ ಇಳಿಸಬೇಡಿ. ಬಾಕ್ಸಿನಲ್ಲಿ ಹಾಕುವಾಗ ಯಾವ ಟಿಕ್ ತೆಗೆದಿರೋ ಇಲ್ಲೂ ಅದನ್ನೇ ತೆಗೆಯಿರಿ.